ಕಾರ್ವೆಟ್ ಮತ್ತು ಕಳಚಿಹೋದ ಡಬ್ಬಿ

1974ರ ಷೆವ್ರೊಲೆ ಕಾರ್ವೆಟ್‌ನಲ್ಲಿ ಎಂಜಿನ್ನಿನ ಹೊಗೆ ಎರಡು ಕೊಳವೆಗಳಲ್ಲಿ ಹೊರಟು, ಕೊನೆಯವರೆಗೂ ಬೇರೆ ಬೇರೆಯಾಗಿಯೇ ಸಾಗುತ್ತಿತ್ತು. ಮರುವರ್ಷದ ಮಾಡೆಲ್‌ನಲ್ಲಿ ಆ ಕೊಳವೆಗಳು ನಡುವೆ ಕೂಡಿ, ಚಪ್ಪಟೆಯಾದ ಉಕ್ಕಿನ ಡಬ್ಬಿಯೊಂದನ್ನು ಹಾದು, ಮತ್ತೆ ಕವಲೊಡೆದು ಎರಡು ಸೈಲೆನ್ಸರ್‌ಗಳಿಗೆ ಹೋದವು. ಆ ಡಬ್ಬಿಯೇ ಕ್ಯಾಟಲಿಟಿಕ್ ಕನ್ವರ್ಟರ್. ಮೂಲ ಎಂಜಿನ್ನಿನ ಶಕ್ತಿಯೂ ಅದೇ ವರ್ಷ 195 ಹಾರ್ಸ್‌ಪವರ್‌ನಿಂದ 165ಕ್ಕೆ ಇಳಿಯಿತು. ವೇಗಕ್ಕಾಗಿ ಕಾರು ಕೊಂಡವರ ಕಣ್ಣಿಗೆ ಡಬ್ಬಿಯೇ ಕಳ್ಳನಾಯಿತು.

ಅದನ್ನು ಅಲ್ಲಿ ಕೂರಿಸಿದ್ದು ಲಾಸ್ ಏಂಜಲೀಸ್‌ನ ಗಾಳಿ. ಆ ನಗರದ ಕಣ್ಣುರಿಸುವ ಹೊಗೆಮಂಜಿಗೆ ವಾಹನಗಳೇ ದೊಡ್ಡ ಕಾರಣವೆಂದು 1950ರ ದಶಕದಲ್ಲಿ ತೋರಿಸಿಕೊಟ್ಟವರು ವಿಜ್ಞಾನಿ ಆರಿ ಹಾಗನ್-ಸ್ಮಿಟ್. ಫ್ರಾನ್ಸ್ ಮೂಲದ ಎಂಜಿನಿಯರ್ ಯೂಜೀನ್ ಹೌಡ್ರಿ ಅದೇ ದಶಕದಲ್ಲಿ ಹೊಗೆ ಶುದ್ಧಮಾಡುವ ಕನ್ವರ್ಟರ್ ರೂಪಿಸಿದರು. ಆದರೆ ಅಂದಿನ ಪೆಟ್ರೋಲಿನಲ್ಲಿದ್ದ ಸೀಸ ಅದನ್ನು ಬೇಗ ಕೆಡಿಸುತ್ತಿತ್ತು. ಅಮೆರಿಕದ 1970ರ ಶುದ್ಧ ಗಾಳಿ ಕಾಯ್ದೆ ಕಾರುಗಳ ಮಾಲಿನ್ಯವನ್ನು ಶೇ. 90ರಷ್ಟು ತಗ್ಗಿಸಬೇಕೆಂದು ಪಟ್ಟು ಹಿಡಿಯಿತು. 1974ರಲ್ಲಿ ಸೀಸವಿಲ್ಲದ ಪೆಟ್ರೋಲ್ ಬಂಕುಗಳಿಗೆ ಬಂತು. ಆಮೇಲೆ ಕನ್ವರ್ಟರಿಗೆ ದಾರಿ ತೆರೆಯಿತು.

ಷೆವ್ರೊಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್‌ನ ಡಬ್ಬಿಯೊಳಗೆ ಪ್ಲಾಟಿನಂ, ಪಲ್ಲಾಡಿಯಂ ಲೇಪಿಸಿದ ಸಾವಿರಾರು ಸಣ್ಣ ಗುಂಡುಗಳಿದ್ದವು. ಬಿಸಿ ಹೊಗೆ ಅವುಗಳ ಸಂದಿಯಲ್ಲಿ ನುಸುಳುವಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಅರೆಬೆಂದ ಇಂಧನ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಬದಲಾಗುತ್ತಿದ್ದವು. ಗುಂಡುಗಳು ಸವೆದರೆ ಹೊಸದು ತುಂಬಲೆಂದು ಡಬ್ಬಿಯ ತಳದಲ್ಲಿ ಬಿರಡೆಯೊಂದಿತ್ತು. ಅದನ್ನು ತೆಗೆದು ಗುಂಡುಗಳನ್ನೆಲ್ಲ ಸುರಿದುಬಿಟ್ಟರೆ ಹೊರಗಿನಿಂದ ನೋಡುವವರಿಗೆ ಡಬ್ಬಿ ಇದ್ದಂತೆಯೇ ಇರುತ್ತಿತ್ತು. ಇನ್ನು ಕೆಲವರು ಡಬ್ಬಿಯನ್ನೇ ಕಳಚಿ, ಆ ಜಾಗಕ್ಕೆ ನೇರ ಕೊಳವೆ ಜೋಡಿಸುತ್ತಿದ್ದರು. ಅಂಗಡಿಗಳಲ್ಲಿ ಅದರ ಹೆಸರು ‘ಟೆಸ್ಟ್ ಪೈಪ್’. ಕನ್ವರ್ಟರ್ ಕಟ್ಟಿಕೊಂಡಿದೆಯೇ ಎಂದು ಪರೀಕ್ಷಿಸಲು ಎಂಬ ನೆಪ. ಹಾಕಿದ ಪೈಪು ಅಲ್ಲೇ ಉಳಿಯುತ್ತಿತ್ತು.

ಕಳ್ಳನೆಂಬ ಆರೋಪದಲ್ಲಿ ಅರ್ಧ ಮಾತ್ರ ನಿಜ. ಒತ್ತಾಗಿ ತುಂಬಿದ ಗುಂಡುಗಳು ಹೊಗೆಯ ಹರಿವಿಗೆ ಅಡ್ಡಿಯಾಗುತ್ತಿದ್ದವು, ಎರಡು ಕೊಳವೆಗಳ ಹೊಗೆ ಒಂದೇ ಬಾಯಿಗೆ ನುಗ್ಗಬೇಕಿತ್ತು. ಆದರೆ ಶಕ್ತಿಯ ಇಳಿಕೆ ಅದಕ್ಕೂ ಹಿಂದೆಯೇ ಶುರುವಾಗಿತ್ತು. ಕಡಿಮೆ ಸೀಸದ ಪೆಟ್ರೋಲಿಗೆ ಹೊಂದಿಸಲು 1971ರಲ್ಲೇ ಮೂಲ ಎಂಜಿನ್ನಿನ ಕಂಪ್ರೆಷನ್ ಅನುಪಾತ 10.25ರಿಂದ 8.5ಕ್ಕೆ ಇಳಿದಿತ್ತು. 1972ರಿಂದ ಶಕ್ತಿ ಅಳೆಯುವ ಕ್ರಮವೇ ಬದಲಾಗಿ, ಕಾಗದದ ಮೇಲಿನ ಅಂಕಿ ಇನ್ನಷ್ಟು ಕುಸಿಯಿತು. 1976ರಲ್ಲಿ ಡಬ್ಬಿ ಇದ್ದಂತೆಯೇ ಅದೇ ಎಂಜಿನ್ 180 ಹಾರ್ಸ್‌ಪವರ್‌ಗೆ ಏರಿತು. ಹೊಗೆ ಕೊಳವೆಯ ಬಿಸಿ ತಡೆಯಲು ಆ ವರ್ಷ ಫೈಬರ್‌ಗ್ಲಾಸ್ ಕಾರಿನ ನೆಲದ ಮುಂಭಾಗಕ್ಕೆ ಉಕ್ಕಿನ ತಗಡು ಹಾಕಿದರು.

ಕಾನೂನು ಹಂತಹಂತವಾಗಿ ಬಿಗಿಯಾಯಿತು. ಶುದ್ಧ ಗಾಳಿ ಕಾಯ್ದೆಯ 1977ರ ತಿದ್ದುಪಡಿ ಗ್ಯಾರೇಜುಗಳು ಕನ್ವರ್ಟರ್ ಕಳಚುವುದನ್ನು ನಿಷೇಧಿಸಿತು. ಮನೆಯ ಷೆಡ್ಡಿನಲ್ಲಿ ಸ್ಪ್ಯಾನರ್ ಹಿಡಿದ ಮಾಲೀಕನಿಗೂ ಆ ನಿಷೇಧ ತಟ್ಟಿದ್ದು 1990ರ ತಿದ್ದುಪಡಿಯಿಂದ. ಅದೇ 1990ರ ಮಾಡೆಲ್‌ನಲ್ಲಿ ಕಾರ್ವೆಟ್‌ನ ಝಡ್‌ಆರ್-1 ಬಂತು. ಕನ್ವರ್ಟರ್ ಇಟ್ಟುಕೊಂಡೇ 375 ಹಾರ್ಸ್‌ಪವರ್ ಕೊಟ್ಟಿತು.