ಬಣ್ಣದ ಏಣಿಯ ಊರು

ವೆಸ್ಟ್ ಇಂಡೀಸ್ ಎಂದರೆ ನಮಗೆ ಕ್ರಿಕೆಟ್ ನೆನಪಾಗುತ್ತದೆ. ಆ ಆಟದೊಳಗೆ ಒಂದು ಸಮಾಜದ ಚರಿತ್ರೆಯೂ ಇದೆಯೆಂಬುದನ್ನು ನಾವು ಗಮನಿಸುವುದು ಕಡಿಮೆ.

ಎರಡು ಮಹಾಯುದ್ಧಗಳ ನಡುವೆ ಟ್ರಿನಿಡಾಡ್ ಬ್ರಿಟಿಷರ ವಸಾಹತಾಗಿತ್ತು. ಅದರ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಒಬ್ಬ ಯಾವ ಕ್ಲಬ್ಬಿಗೆ ಆಡುತ್ತಾನೆಂದು ತಿಳಿದರೆ ಅವನ ಮೈಬಣ್ಣವನ್ನೂ ಅಂತಸ್ತನ್ನೂ ಹೇಳಬಹುದಿತ್ತು. ಕ್ವೀನ್ಸ್ ಪಾರ್ಕ್ ಬಿಳಿಯ ಸಿರಿವಂತರದು; ಶ್ಯಾಮ್‌ರಾಕ್ ಕ್ಯಾಥೊಲಿಕ್ ಬಿಳಿಯರದು; ಮೇಪಲ್ ಕಂದು ಬಣ್ಣದ ಮಧ್ಯಮ ವರ್ಗದ್ದು; ಶಾನನ್ ಕಪ್ಪು ಮಾಸ್ತರರದು, ಗುಮಾಸ್ತರದು; ಸ್ಟಿಂಗೊ ಬಡ ದುಡಿಮೆಗಾರರದು.

ಕಪ್ಪು ಬಣ್ಣದ ಯುವಕ ಸಿ.ಎಲ್.ಆರ್. ಜೇಮ್ಸ್ ಓದಿನಲ್ಲಿ ಮುಂದಿದ್ದರು. ಹೀಗಾಗಿ ಮೇಪಲ್ ಅವರಿಗೆ ಬಾಗಿಲು ತೆರೆಯಿತು. ಗೆಳೆಯ ಲಿಯರಿ ಕಾನ್‌ಸ್ಟಂಟೈನ್ ಶಾನನ್‌ನಲ್ಲಿ ಆಡುತ್ತಿದ್ದಾಗ ಜೇಮ್ಸ್ ಮೇಪಲ್ ಸೇರಿದರು. ಜನಸಾಮಾನ್ಯರಿಂದ ದೂರವಾದ ಆ ಆಯ್ಕೆ ತಮ್ಮ ರಾಜಕೀಯ ಬೆಳವಣಿಗೆಯನ್ನು ವರ್ಷಗಟ್ಟಲೆ ತಡೆಯಿತೆಂದು ಮುಂದೆ 1963ರಲ್ಲಿ ಬಂದ 'ಬಿಯಾಂಡ್ ಎ ಬೌಂಡರಿ'ಯಲ್ಲಿ ಅವರೇ ಬರೆದರು.

ಇತರರು ಏಣಿ ಹತ್ತಲು ನೋಡುತ್ತಿದ್ದಾಗ ಮೇಲಿನಿಂದ ಇಳಿದು ಬಂದವರು ಕ್ಯಾಪ್ಟನ್ ಸಿಪ್ರಿಯಾನಿ. ಮೊದಲ ಯುದ್ಧದಲ್ಲಿ ಕಪ್ಪು ಸೈನಿಕರು ಉಂಡ ಅವಮಾನವನ್ನು ಈ ಬಿಳಿಯ ಅಧಿಕಾರಿ ಕಣ್ಣಾರೆ ಕಂಡಿದ್ದರು. ಊರಿಗೆ ಮರಳಿ ಕಾರ್ಮಿಕ ಸಂಘದ ನಾಯಕರಾದರು. ಬರಿಗಾಲಿನ ಮನುಷ್ಯನ ಪರವಾಗಿ ಮಾತಾಡಿದರು. 1925ರಲ್ಲಿ ಶಾಸನ ಸಭೆಗೆ ನಡೆದ ಮೊದಲ ಚುನಾವಣೆಯಲ್ಲಿ ಗೆದ್ದರು. ಆದರೆ ಮತದಾನದ ಹಕ್ಕಿದ್ದದ್ದು ನೂರಕ್ಕೆ ಸುಮಾರು 6 ಮಂದಿಗೆ. ಅವರ ಬರಿಗಾಲಿನ ಮನುಷ್ಯನಿಗೆ ಅವರನ್ನು ಆರಿಸುವ ಹಕ್ಕೇ ಇರಲಿಲ್ಲ!

ಬೀದಿಗಳ ಹಿಂದೆ ಸಾಲು ಕೋಣೆಗಳ ವಠಾರಗಳಿದ್ದವು. 1929ರ 'ಟ್ರಯಂಫ್' ಕಥೆಯಲ್ಲಿ ಜೇಮ್ಸ್ ಆ ವಠಾರದ ಹೆಂಗಸರನ್ನು ಸಾಹಿತ್ಯದೊಳಕ್ಕೆ ಕರೆತಂದರು. 1931ರಲ್ಲಿ ಆಲ್ಬರ್ಟ್ ಗೋಮ್ಸ್ 'ದಿ ಬೀಕನ್' ಪತ್ರಿಕೆ ಹೊರಡಿಸಿದರು, ಮರ್ಯಾದಸ್ಥರು ಮುನಿಸಿಕೊಂಡರು. ಅಧಿಕಾರಸ್ಥರನ್ನು ಚುಚ್ಚುತ್ತಿದ್ದ ಕ್ಯಾಲಿಪ್ಸೊ ಹಾಡುಗಳಿಗೆ ಸರಕಾರ 1934ರಲ್ಲಿ ಕಾನೂನಿನ ಕಡಿವಾಣ ಹಾಕಿತು.

ಊರಂಚಿನ ಸೇಂಟ್ ಜೇಮ್ಸ್‌ನಲ್ಲಿ ಕರಾರು ಕೂಲಿಗಳಾಗಿ ಬಂದ ಭಾರತೀಯರ ಮಕ್ಕಳು ಮೊಮ್ಮಕ್ಕಳಿದ್ದರು. ಅಲ್ಲಿನ ಬೀದಿಗಳಿಗೆ ಲಖನೌ, ದೆಹಲಿ, ಮದರಾಸಿನ ಹೆಸರುಗಳು. ಹಸನ್-ಹುಸೇನರ ನೆನಪಿನ ಮೊಹರಂ ಅಲ್ಲಿ 'ಹೊಸೇ' ಆಯಿತು. ತಾಬೂತು, ತಾಸೆ ಎಲ್ಲವೂ ನಮಗೆ ಗೊತ್ತಿರುವಂಥವೇ. ಆ ಮೆರವಣಿಗೆಯಲ್ಲಿ ಹಿಂದೂಗಳೂ ಆಫ್ರಿಕನ್ ಮೂಲದವರೂ ಹೆಗಲು ಕೊಡುತ್ತಿದ್ದರು.

1932ರಲ್ಲಿ ಜೇಮ್ಸ್ ಇಂಗ್ಲೆಂಡಿಗೆ ಹಡಗು ಹತ್ತಿದರು. ಅದೇ ವರ್ಷ ಅವರ ಸಿಪ್ರಿಯಾನಿ ಜೀವನಚರಿತ್ರೆ ಅಚ್ಚಾಯಿತು. ಮೇಪಲ್‌ನ ಕಪ್ಪು ಆಟಗಾರ ಬರಿಗಾಲಿನವರ ಬಿಳಿಯ ವಕೀಲನ ಕಥೆ ಹೇಳಿದ್ದರು. ಏಣಿಯ ಮೆಟ್ಟಿಲುಗಳನ್ನು ಎಣಿಸಿದವರನ್ನು ಚರಿತ್ರೆ ಮರೆತಿದೆ. ಅದನ್ನು ಅಲುಗಿಸಿದವರನ್ನು ನಾವು ಇಂದಿಗೂ ಓದುತ್ತಿದ್ದೇವೆ.