ಡಿಎಸ್‌ಎಲ್‌ಆರ್ ವಿಡಿಯೊಗೆ ಧ್ವನಿಮುದ್ರಣ (ಕುಂದಾಪುರ, ಬೈಂದೂರು, ಬ್ರಹ್ಮಾವರ)

ಡಿಎಸ್‌ಎಲ್‌ಆರ್ ವಿಡಿಯೊಗೆ ಧ್ವನಿಮುದ್ರಣ: ಫೋಟೊ ತೆಗೆಯಲೆಂದು ರೂಪುಗೊಂಡ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾದಲ್ಲಿ ವಿಡಿಯೊ ಮಾಡುವಾಗ ಕಡಿಮೆ ಖರ್ಚಿನಲ್ಲಿ ಸ್ಪಷ್ಟ ಧ್ವನಿ ಹಿಡಿಯುವ ವಿಧಾನ. ಉಡುಪಿ ಜಿಲ್ಲೆಯ ಉತ್ತರ ಭಾಗದಲ್ಲಿರುವ ಕುಂದಾಪುರ, 2018ರಲ್ಲಿ ಹೊಸ ತಾಲ್ಲೂಕುಗಳಾದ ಬೈಂದೂರು ಮತ್ತು ಬ್ರಹ್ಮಾವರ ಪ್ರದೇಶದಲ್ಲಿ ಇಂಥ ಕ್ಯಾಮೆರಾಗಳ ಮುಂದೆ ಬರುವುದು ಯಕ್ಷಗಾನ ಬಯಲಾಟ, ಹೂವಿನಕೋಲು, ಕಂಬಳ, ಮದುವೆ, ಕುಂದಾಪ್ರ ಕನ್ನಡದ ಕಿರುಚಿತ್ರ ಮತ್ತು ಹಿರಿಯರ ಸಂದರ್ಶನ. ಇವುಗಳಲ್ಲಿ ಬಹುಪಾಲು ನೋಡುವುದಕ್ಕಿಂತ ಕೇಳುವುದಕ್ಕೇ ಬೆಲೆಯುಳ್ಳವು. ಹೀಗಿದ್ದೂ ಲೆನ್ಸಿಗೆ ಸುರಿದಷ್ಟು ಹಣವನ್ನು ಮೈಕಿಗೆ ಯಾರೂ ಸುರಿಯುವುದಿಲ್ಲ.

ಗುಂಡ್ಮಿ ಕಾಳಿಂಗ ನಾವಡರು (1958–1990) ಸಾಲಿಗ್ರಾಮ ಯಕ್ಷಗಾನ ಮೇಳದ ಭಾಗವತರಾಗಿ, ಅಂದರೆ ಹಾಡುಗಾರರಾಗಿ, ಹೆಸರು ಮಾಡಿ, ಅಪಘಾತದಲ್ಲಿ ಅಕಾಲಕ್ಕೆ ತೀರಿಕೊಂಡವರು. ಅವರ ಪದ್ಯವನ್ನು ಇಂದಿನ ತಲೆಮಾರು ಕೇಳುತ್ತಿರುವುದು ಬಹುಮಟ್ಟಿಗೆ ಕ್ಯಾಸೆಟ್ಟುಗಳ ಕೃಪೆಯಿಂದ. ಚಿತ್ರವಿಲ್ಲದ ಆ ಧ್ವನಿ ಉಳಿದು ಬಂದಿದೆ, ಜನ ಮತ್ತೆ ಮತ್ತೆ ಕೇಳುತ್ತಾರೆ. ಧ್ವನಿ ಕೆಟ್ಟ ಆಟದ ವಿಡಿಯೊವನ್ನು, ಚಿತ್ರ ಎಷ್ಟೇ ಚೆಂದವಿದ್ದರೂ, ಐದು ನಿಮಿಷ ನೋಡುವವರಿಲ್ಲ.

ಹಿನ್ನೆಲೆ

ವಿಡಿಯೊ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್ ನಿಕಾನ್ ಡಿ90, 2008ರ ಆಗಸ್ಟ್‌ನಲ್ಲಿ ಬಂತು. ಅದರ ಬೆನ್ನಿಗೇ ಕ್ಯಾನನ್ 5ಡಿ ಮಾರ್ಕ್ 2 ಪೂರ್ಣ ಎಚ್‌ಡಿ ಚಿತ್ರದೊಂದಿಗೆ ಪ್ರಕಟವಾಯಿತು. ಚಿತ್ರ ಸಿನಿಮಾದಂತಿತ್ತು, ಧ್ವನಿ ಮಾತ್ರ ದೂರವಾಣಿಯಂತಿತ್ತು. ಡಿ90ಗೆ ಹೊರಗಿನ ಮೈಕ್ ಸಿಕ್ಕಿಸುವ ಕಿಂಡಿಯೇ ಇರಲಿಲ್ಲ. 5ಡಿ ಮಾರ್ಕ್ 2ರಲ್ಲಿ ಕಿಂಡಿಯಿದ್ದರೂ ಧ್ವನಿಯ ಮಟ್ಟವನ್ನು ಕೈಯಾರೆ ಹೊಂದಿಸುವ ಸೌಲಭ್ಯ ಬಂದದ್ದು 2010ರ ಫರ್ಮ್‌ವೇರ್‌ನಲ್ಲಿ. ಹೆಡ್‌ಫೋನ್ ಕಿಂಡಿಗೆ 2012ರ ಮಾರ್ಕ್ 3ರವರೆಗೂ ಕಾಯಬೇಕಾಯಿತು. ಕಡಿಮೆ ಬೆಲೆಯ ಕ್ಯಾಮೆರಾಗಳಲ್ಲಿ ಈ ಕೊರತೆ ಆಮೇಲೂ ಮುಂದುವರಿದಿದೆ: ಕ್ಯಾನನ್ 1500ಡಿ, ನಿಕಾನ್ ಡಿ3500 ಎರಡರಲ್ಲೂ ಮೈಕ್ ಕಿಂಡಿ ಇಲ್ಲ, ಕ್ಯಾನನ್ 200ಡಿ, ನಿಕಾನ್ ಡಿ5600ರಲ್ಲಿ ಇದೆ. ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಕೊಳ್ಳುವವರು ಮೆಗಾಪಿಕ್ಸೆಲ್ ಕೇಳುವ ಮೊದಲು ಈ ಕಿಂಡಿಯನ್ನು ನೋಡಬೇಕು. ಕಿಂಡಿಯಿಲ್ಲದ ಕ್ಯಾಮೆರಾ ಕೈಯಲ್ಲಿದ್ದರೂ ಕೆಲಸ ನಿಲ್ಲುವುದಿಲ್ಲ, ಧ್ವನಿಯನ್ನು ಬೇರೆ ಕಡೆ ಹಿಡಿಯಬೇಕಾಗುತ್ತದೆ ಅಷ್ಟೆ.

ಚೆಂಡೆ ಮತ್ತು ತಾನಾಗಿಯೇ ಏರಿಳಿಯುವ ಗೇನ್

ಕ್ಯಾಮೆರಾವನ್ನು ಅಂಗಡಿಯಿಂದ ತಂದ ಹಾಗೆಯೇ ಬಳಸಿದರೆ ಧ್ವನಿ 'ಆಟೊ' ಎಂಬಲ್ಲಿರುತ್ತದೆ. ಸದ್ದು ಕಡಿಮೆಯಾದಾಗ ಯಂತ್ರವೇ ಗೇನ್ (ಧ್ವನಿಯನ್ನು ಹಿಗ್ಗಿಸುವ ಪ್ರಮಾಣ) ಏರಿಸುತ್ತದೆ, ಜಾಸ್ತಿಯಾದಾಗ ಇಳಿಸುತ್ತದೆ. ಮನೆಯ ಮಾತುಕತೆಗೆ ಇದು ನಡೆದೀತು. ಯಕ್ಷಗಾನದ ಬಡಗುತಿಟ್ಟು ಶೈಲಿಯ ಹಿಮ್ಮೇಳಕ್ಕೆ ಇದರಷ್ಟು ದೊಡ್ಡ ಶತ್ರು ಬೇರೆ ಇಲ್ಲ. ಭಾಗವತರು ಪದ್ಯವನ್ನು ವಿಳಂಬದಲ್ಲಿ ಎತ್ತಿಕೊಂಡಾಗ ಗೇನ್ ಮೇಲೇರಿ, ಶ್ರುತಿಯ ಹಿಂದೆ 'ಸ್‌ಸ್' ಎಂಬ ಹಿಸ್ ಎದ್ದು ನಿಲ್ಲುತ್ತದೆ. ಅಷ್ಟರಲ್ಲಿ ಚೆಂಡೆಗೆ ಕೋಲು ಬಿದ್ದರೆ ಗೇನ್ ಒಮ್ಮೆಗೇ ಕುಸಿಯುತ್ತದೆ. ಮೊದಲ ಪೆಟ್ಟು ಒಡೆದು ಕೇಳುತ್ತದೆ, ಅದರ ಜತೆಗಿನ ಪದ್ಯದ ಅರ್ಧ ಸಾಲು ಹೂತುಹೋಗುತ್ತದೆ, ಮುಂದಿನ ಒಂದೆರಡು ಸೆಕೆಂಡಿನಲ್ಲಿ ಧ್ವನಿ ನಿಧಾನಕ್ಕೆ ತೆವಳಿಕೊಂಡು ಮೇಲೆ ಬರುತ್ತದೆ. ಇಡೀ ರಾತ್ರಿಯ ಆಟ ಹೀಗೆ ಉಸಿರುಗಟ್ಟುತ್ತ ಸಾಗುತ್ತದೆ. ಹೀಗಾದದ್ದನ್ನು ಎಡಿಟಿಂಗ್‌ನಲ್ಲಿ ಸರಿಮಾಡಲಾಗದು.

ಮದ್ದು ಸುಲಭ, ಕಾಸೂ ಬೇಡ: ಮೆನುವಿನಲ್ಲಿ 'ಮ್ಯಾನ್ಯುಯಲ್' ಆರಿಸಿ ಮಟ್ಟವನ್ನು ಕೈಯಾರೆ ನಿಲ್ಲಿಸುವುದು. ಮಾತಿಗೆ ಮೀಟರಿನ ಶಿಖರ ಮೈನಸ್ 12 ಡೆಸಿಬೆಲ್ ಸುತ್ತ ಇದ್ದರೆ ಸಾಕು. ಆಟದಲ್ಲಿ ಮಟ್ಟ ಹೊಂದಿಸಬೇಕಾದದ್ದು ಭಾಗವತರ ಧ್ವನಿಗಲ್ಲ, ಚೆಂಡೆಗೆ. ಪೂರ್ವರಂಗದಲ್ಲಿ ಚೆಂಡೆ ಬಾರಿಸುವಾಗ ಶಿಖರ ಮೈನಸ್ 10ರ ಕೆಳಗೇ ಇರುವಂತೆ ಮಾಡಿ, ಒಡ್ಡೋಲಗ ಮತ್ತು ಯುದ್ಧದ ಪದ್ಯಗಳಿಗೆ ಇನ್ನಷ್ಟು ಜಾಗ ಬಿಟ್ಟಿರಬೇಕು. ಕಡಿಮೆಯಾದ ಧ್ವನಿಯನ್ನು ಆಮೇಲೆ ಏರಿಸಬಹುದು, ಒಡೆದದ್ದನ್ನು ಜೋಡಿಸಲಾಗದು. ಜೂಮ್ ಎಫ್‌3 (2022), ಎಚ್‌1 ಎಸೆನ್ಷಿಯಲ್ (2024) ಮೊದಲಾದ 32 ಬಿಟ್ ಫ್ಲೋಟ್ ರೆಕಾರ್ಡರ್‌ಗಳಲ್ಲಿ ಈ ಚಿಂತೆ ಬಹುಪಾಲು ತಪ್ಪುತ್ತದೆ. ಆದರೂ ಮೈಕೇ ತಡೆಯಲಾರದಷ್ಟು ಸದ್ದಿಗೆ ಅಲ್ಲೂ ಪರಿಹಾರವಿಲ್ಲ.

ದೂರ

ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ನೇರ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಜೀರುಂಡೆ, ಜನರೇಟರ್, ಜನಜಂಗುಳಿಯ ಸದ್ದು ಮಾತ್ರ ಎಲ್ಲಿ ನಿಂತರೂ ಅಷ್ಟೇ. ಆದ್ದರಿಂದ ಕ್ಯಾಮೆರಾದ ತಲೆಯ ಮೇಲೆ ಕೂತ ಹತ್ತು ಸಾವಿರದ ಶಾಟ್‌ಗನ್ ಮೈಕಿಗಿಂತ, ಮಾತಾಡುವವರ ಅಂಗಿಗೆ ಸಿಕ್ಕಿಸಿದ ಸಾವಿರ ರೂಪಾಯಿಯ ಕಾಲರ್ ಮೈಕ್ ಮೇಲು. ಈ ಲೇಖನದಿಂದ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಿದ್ದರೆ ಅದು ಇದು.

ಅಗ್ಗದ ಕಾಲರ್ ಮೈಕುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬೋಯಾ ಬಿವೈ-ಎಂ1. ತಂತಿ 6 ಮೀಟರ್ ಉದ್ದ, ಒಳಗೆ ಎಲ್‌ಆರ್44 ಗುಂಡಿ ಬ್ಯಾಟರಿ, ಪಕ್ಕದಲ್ಲಿ ಕ್ಯಾಮೆರಾ–ಫೋನ್ ಎಂದು ಸರಿಸುವ ಸ್ವಿಚ್. ಸ್ವಿಚ್ ಫೋನಿನ ಕಡೆಗಿದ್ದಾಗ ಕ್ಯಾಮೆರಾಕ್ಕೆ ಸಿಕ್ಕಿಸಿದರೆ ಧ್ವನಿಯೇ ಬಾರದಿರಬಹುದು. ಎಷ್ಟೋ ಸಂದರ್ಶನಗಳು ಮೂಕಚಿತ್ರವಾಗುವುದು ಹೀಗೆ. ಪಿನ್ನನ್ನೂ ನೋಡಿಕೊಳ್ಳಬೇಕು: ಕ್ಯಾಮೆರಾಕ್ಕೆ ಎರಡು ಕಪ್ಪು ಗೆರೆಯ ಪಿನ್, ಫೋನಿಗೆ ಮೂರು ಗೆರೆಯದ್ದು. ಕ್ಯಾಮೆರಾದ ಕಿಂಡಿ ಕೈಕೊಟ್ಟಲ್ಲಿ ಮೈಕನ್ನು ಫೋನಿಗೇ ಸಿಕ್ಕಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ರೆಕಾರ್ಡರ್ ಆ್ಯಪ್ ಒತ್ತಿ, ಮಾತಾಡುವವರ ಕಿಸೆಗೆ ಇಳಿಸಿದರೆ ಆಯಿತು. ತಂತಿಯಿಲ್ಲದ ಮೈಕಿಗಿಂತ ಇದು ನಂಬಿಕಸ್ಥ. 2.4 ಗಿಗಾಹರ್ಟ್ಸ್ ವೈರ್‌ಲೆಸ್ ಮೈಕುಗಳು ನೂರಾರು ಫೋನುಗಳಿರುವ ಮದುವೆ ಹಾಲಿನಲ್ಲಿ ಆಗಾಗ ತುಂಡರಿಸುತ್ತವೆ.

ಕುಂದಾಪ್ರ ಕನ್ನಡಕ್ಕೆ ಹತ್ತಿರದ ಮೈಕ್ ಇನ್ನೂ ಅಗತ್ಯ. ಮಾಡ್ಕ್, ಹೋಯ್ಕ್, ಕಾಣ್ಕ್ ಎಂದು ವ್ಯಂಜನಕ್ಕೇ ನಿಲ್ಲುವ ಮಾತು ಇಲ್ಲಿಯದು. ಕೊನೆಯ ಆ ಪುಟ್ಟ ಸ್ಫೋಟ ದೂರದ ಮೈಕಿನಲ್ಲಿ ಗಾಳಿಯ ಪಾಲಾಗುತ್ತದೆ, ಪರವೂರಿನ ಕೇಳುಗನಿಗೆ ವಾಕ್ಯವೇ ತಪ್ಪುತ್ತದೆ. ಕೆರಾಡಿಯಲ್ಲಿ ಚಿತ್ರೀಕರಣಗೊಂಡ 'ಕಾಂತಾರ' (2022) ಈ ಭಾಗದ ನುಡಿಯನ್ನು ದೇಶವೆಲ್ಲ ಕೇಳುವಂತೆ ಮಾಡಿತು. ದೊಡ್ಡ ಚಿತ್ರಗಳಿಗೆ ಬೇಕೆನಿಸಿದಲ್ಲಿ ಸ್ಟುಡಿಯೊದಲ್ಲಿ ಡಬ್ ಮಾಡುವ ದಾರಿಯಿದೆ. ಐವತ್ತು ಸಾವಿರದಲ್ಲಿ ಕಿರುಚಿತ್ರ ಮುಗಿಸಬೇಕಾದವರಿಗೆ ಜಾಗದಲ್ಲಿ ಹಿಡಿದದ್ದೇ ಗತಿ.

ಬಯಲಾಟದ ಏರ್ಪಾಡು

ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸೌಕೂರು ಮೇಳಗಳ ಹರಕೆ ಆಟಗಳಲ್ಲಿ ಕ್ಯಾಮೆರಾ ಸಾಮಾನ್ಯವಾಗಿ ಪ್ರೇಕ್ಷಕರ ಹಿಂದೆ, ಸ್ಟ್ಯಾಂಡಿನ ಮೇಲೆ ನಿಲ್ಲುತ್ತದೆ. ಅಲ್ಲಿಗೆ ತಲುಪುವುದು ಧ್ವನಿವರ್ಧಕದ ಸದ್ದು. ಹಲವರು ಮೈಕ್‌ಸೆಟ್ಟಿನ ಮಿಕ್ಸರಿನಿಂದ ನೇರವಾಗಿ ತಂತಿ ಎಳೆಯುತ್ತಾರೆ. ಅದು ಒಳ್ಳೆಯದೇ, ಆದರೆ ಅರ್ಧ ಮಾತ್ರ. ಮಿಕ್ಸರಿನಲ್ಲಿರುವುದು ಬಯಲಿಗೆ ಕೇಳಿಸಲು ಬೇಕಾದ ಹದ. ಚೆಂಡೆ ಸ್ವತಃ ದೂರಕ್ಕೆ ಕೇಳುವುದರಿಂದ ಅದನ್ನು ಅಲ್ಲಿ ಕಡಿಮೆಯೇ ಇಟ್ಟಿರುತ್ತಾರೆ. ಹೀಗಾಗಿ ಮಿಕ್ಸರಿನ ಧ್ವನಿಯಲ್ಲಿ ಪದ್ಯ ಮತ್ತು ಅರ್ಥಗಾರಿಕೆ ಢಾಳಾಗಿ, ಚೆಂಡೆ, ಗೆಜ್ಜೆ, ಜನರ ನಗು ಸಪ್ಪೆಯಾಗಿ ಬರುತ್ತವೆ. ರಂಗಸ್ಥಳದ ಎದುರು, ಮೂರು ನಾಲ್ಕು ಮೀಟರ್ ದೂರದಲ್ಲಿ ಒಂದು ಸಣ್ಣ ಸ್ಟೀರಿಯೊ ರೆಕಾರ್ಡರ್ ಇಟ್ಟು ಎರಡನ್ನೂ ಆಮೇಲೆ ಬೆರೆಸಿದರೆ ಆಟ ಆಟದಂತೆ ಕೇಳುತ್ತದೆ. 2010ರಿಂದ ಮಾರುಕಟ್ಟೆಯಲ್ಲಿರುವ ಜೂಮ್ ಎಚ್‌1 ಸರಣಿ ಅಥವಾ ಟ್ಯಾಸ್ಕಾಮ್ ಡಿಆರ್-05 ಇದಕ್ಕೆ ಸಾಕು.

ಮಿಕ್ಸರಿನಿಂದ ಬರುವುದು ಲೈನ್ ಮಟ್ಟದ ಧ್ವನಿ, ಕ್ಯಾಮೆರಾದ ಕಿಂಡಿ ಮೈಕ್ ಮಟ್ಟದ್ದು. ನಡುವೆ ಸುಮಾರು 40 ಡೆಸಿಬೆಲ್ ತಗ್ಗಿಸುವ ಪ್ಯಾಡ್ ಇಲ್ಲದೆ ಸಿಕ್ಕಿಸಿದರೆ ಒಡೆದ ಧ್ವನಿಯಲ್ಲದೆ ಬೇರೇನೂ ಸಿಗದು. 'ಗುಂಯ್' ಎಂಬ 50 ಹರ್ಟ್ಸ್ ಹಮ್ಮು ಕೇಳಿದರೆ ಕ್ಯಾಮೆರಾ, ರೆಕಾರ್ಡರುಗಳನ್ನು ಚಾರ್ಜರಿನಿಂದ ಬಿಡಿಸಿ ಬ್ಯಾಟರಿಯಲ್ಲೇ ನಡೆಸಬೇಕು. ಹೆಚ್ಚಿನ ಸಲ ಅಲ್ಲಿಗೇ ನಿಲ್ಲುತ್ತದೆ.

ಚಿತ್ರ ಮತ್ತು ಧ್ವನಿಯನ್ನು ಹೊಂದಿಸಲು ಚಪ್ಪಾಳೆ ತಟ್ಟುವ ಹಳೆಯ ಪದ್ಧತಿಯೇ ಸಾಕು. ಆದರೆ ಚಪ್ಪಾಳೆಯನ್ನು ರೆಕಾರ್ಡರಿನ ಬಳಿ, ಕ್ಯಾಮೆರಾಕ್ಕೆ ಕಾಣುವಂತೆ ತಟ್ಟಿ, ಕೈ ಕೂಡಿದ ಫ್ರೇಮಿಗೆ ಸದ್ದನ್ನು ಕೂಡಿಸಬೇಕು. ನಮ್ಮ ಸೆಕೆಯ ಹವೆಯಲ್ಲಿ ಧ್ವನಿ ಸೆಕೆಂಡಿಗೆ 347 ಮೀಟರಿನಷ್ಟು ಸಾಗುತ್ತದೆ. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಪ್ರತಿ 14 ಮೀಟರಿಗೆ ಒಂದು ಫ್ರೇಮ್ ತಡ. 28 ಮೀಟರ್ ಹಿಂದಿರುವ ಕ್ಯಾಮೆರಾದಲ್ಲಿ ಕೋಲು ಚೆಂಡೆಗೆ ತಾಗಿ ಎರಡು ಫ್ರೇಮ್ ಕಳೆದ ಮೇಲೆ ಸದ್ದು ಬರುತ್ತದೆ, ಮತ್ತು ಅದು ಕಣ್ಣಿಗೆ ಗೊತ್ತಾಗುತ್ತದೆ. ಎರಡು ಯಂತ್ರಗಳ ಗಡಿಯಾರ ಒಂದೇ ವೇಗದಲ್ಲಿ ಓಡದ ಕಾರಣ ಗಂಟೆಗೊಮ್ಮೆ ಮತ್ತೆ ಹೊಂದಾಣಿಕೆ ನೋಡಬೇಕು. ಹಲವು ಹಳೆಯ ಡಿಎಸ್‌ಎಲ್‌ಆರ್‌ಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಲ್ಲುತ್ತವೆ; ಪ್ರಸಂಗದ ನಡುವೆ ಚಿತ್ರ ನಿಂತರೂ ಪ್ರತ್ಯೇಕ ರೆಕಾರ್ಡರಿನಲ್ಲಿ ಧ್ವನಿ ಕಡಿಯದೆ ಉಳಿಯುತ್ತದೆ. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೊ ವೇವ್ ಕಡತಕ್ಕೆ ಗಂಟೆಗೆ ಸುಮಾರು 1 ಜಿಬಿ ಬೇಕು. ರಾತ್ರಿ ಬೆಳಗಾಗುವ ಆಟಕ್ಕೆ 16 ಜಿಬಿ ಕಾರ್ಡ್ ಸಾಕಾಗಿ ಮಿಗುತ್ತದೆ.

ಮನೆ, ಮಳೆ, ಕಡಲು

ನವರಾತ್ರಿಯ ಹೊತ್ತಿಗೆ ಮನೆಮನೆಗೆ ಬರುವ ಹೂವಿನಕೋಲಿನಲ್ಲಿ ಮಕ್ಕಳು ಎದುರುಬದುರು ಕೂತು ಅರ್ಥ ಹೇಳುತ್ತಾರೆ, ಹಿಂದೆ ಹಿಮ್ಮೇಳ. ಹಳೆಯ ಮನೆಯ ಚಾವಡಿಯಲ್ಲಿ ಮರದ ಮುಚ್ಚಿಗೆ, ಹಂಚು ಇದ್ದರೆ ಧ್ವನಿ ಹದವಾಗಿಯೇ ಬರುತ್ತದೆ. ಟೈಲ್ಸ್ ನೆಲ, ಕಾಂಕ್ರೀಟ್ ತಾರಸಿಯ ಹೊಸ ಮನೆಯಲ್ಲಿ ಎಲ್ಲವೂ ಮಾರ್ದನಿಸಿ ಕಲಸುತ್ತದೆ. ಚಾಪೆ, ಕಂಬಳಿ ಹಾಸಿ, ಗೋಡೆಯ ಬದಿಗೆ ಹಾಸಿಗೆ ಒರಗಿಸಿದರೆ ಎಷ್ಟೋ ಸುಧಾರಿಸುತ್ತದೆ. ಕುಡುಬಿ ಸಮುದಾಯದವರ ಹೋಳಿಯ ಗುಮಟೆ ಕುಣಿತ ಅಂಗಳದಲ್ಲಿ ನಡೆಯುವುದರಿಂದ ಈ ತೊಂದರೆ ಇಲ್ಲ, ಕುಣಿತದ ಸುತ್ತಿನ ಹೊರಗೆ ಮೈಕ್ ಎತ್ತರದಲ್ಲಿದ್ದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮೇಲೆ ಬೀಳುವ ಮಳೆಯ ಸದ್ದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯದು. ಹೊಳುವಾಗುವವರೆಗೆ ಕಾಯುವುದೇ ಸರಿ.

ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಚಿತ್ರಕ್ಕೆ ಇಷ್ಟು ಸೊಗಸಾದ, ಧ್ವನಿಗೆ ಇಷ್ಟು ಕೆಟ್ಟ ಜಾಗ ಕರಾವಳಿಯಲ್ಲಿ ಕಡಿಮೆ. ಮೈಕಿನೊಂದಿಗೆ ಬರುವ ಸ್ಪಂಜಿನ ಟೋಪಿ ಕಡಲಗಾಳಿಗೆ ಏನೂ ಅಲ್ಲ, ಉದ್ದ ರೋಮದ ತುಪ್ಪಳದ ಹೊದಿಕೆ ಬೇಕು. ಬಟ್ಟೆಯಂಗಡಿಯ ಕೃತಕ ತುಪ್ಪಳದಿಂದ ಮನೆಯಲ್ಲೇ ಹೊಲಿಯಬಹುದು. ಗಾಳಿ ತಣ್ಣಗಿರುವ ಬೆಳಗಿನ ಹೊತ್ತು ಆರಿಸಿ, ಮಾತಾಡುವವರ ಬೆನ್ನು ಗಾಳಿಗೆ ಇರುವಂತೆ ನಿಲ್ಲಿಸಿ, 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸುವ ಲೋ-ಕಟ್ ಹಾಕಬೇಕು. ಅಲೆಯ ಸದ್ದು ಬೇಕಿದ್ದರೆ ಬೇರೆಯಾಗಿ ಹಿಡಿದುಕೊಂಡು ಕೂಡಿಸುವುದು ಲೇಸು. ಗಂಗೊಳ್ಳಿ ಬಂದರಿನ ಡೀಸೆಲ್ ಬೋಟುಗಳಿಗೂ ಇದೇ ಮಾತು. ಕರಾವಳಿಯ ತೇವಕ್ಕೆ ಮೈಕೂ ಲೆನ್ಸಿನಂತೆಯೇ ಹಾಳಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡಬೇಕು.

ಅನುಮತಿ

ಮಿಕ್ಸರಿಗೆ ತಂತಿ ಹಾಕುವ ಮೊದಲು ಮೈಕ್‌ಸೆಟ್ಟಿನವರನ್ನು, ರೆಕಾರ್ಡ್ ಒತ್ತುವ ಮೊದಲು ಮೇಳದ ಯಜಮಾನರನ್ನು ಮತ್ತು ಭಾಗವತರನ್ನು ಕೇಳಬೇಕು. ಇದು ಬರೀ ಮರ್ಯಾದೆಯ ಮಾತಲ್ಲ: 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಾದ ತಿದ್ದುಪಡಿ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿದೆ, ಈಗ ಅದರ ಅವಧಿ 50 ವರ್ಷ.