ಎಲ್ಗಾರ್ ಪಿಟೀಲು ಕನ್ಸರ್ಟೊ: ಮೆನುಹಿನ್ ಧ್ವನಿಮುದ್ರಣ (1932)

ಇಂಗ್ಲೆಂಡಿನ ಸಂಗೀತ ರಚನಕಾರ ಸರ್ ಎಡ್ವರ್ಡ್ ಎಲ್ಗಾರ್ (1857–1934) ಅವರ ಬಿ ಮೈನರ್ ಪಿಟೀಲು ಕನ್ಸರ್ಟೊವನ್ನು (ಕೃತಿಸಂಖ್ಯೆ 61) ಯೆಹೂದಿ ಮೆನುಹಿನ್ (1916–1999) ನುಡಿಸಿದ ಪ್ರಸಿದ್ಧ ಧ್ವನಿಮುದ್ರಣ. ಲಂಡನ್ ಸಿಂಫನಿ ಆರ್ಕೆಸ್ಟ್ರಾವನ್ನು ಸ್ವತಃ ಎಲ್ಗಾರ್ ಅವರೇ ನಿರ್ದೇಶಿಸಿದರು. 1932ರ ಜುಲೈ 14 ಮತ್ತು 15ರಂದು ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊದಲ್ಲಿ ಧ್ವನಿಮುದ್ರಣ ಸಂಸ್ಥೆ ಎಚ್‌ಎಂವಿಗಾಗಿ ಇದನ್ನು ಮುದ್ರಿಸಲಾಯಿತು. ಆಗ ರಚನಕಾರರಿಗೆ 75 ವರ್ಷ, ಪಿಟೀಲುವಾದಕರಿಗೆ 16. ದೊಡ್ಡ ಕೃತಿಯೊಂದನ್ನು ಅದನ್ನು ಬರೆದವರ ಕೈಕೆಳಗೇ ಇಡಿಯಾಗಿ ಉಳಿಸಿಕೊಂಡ ಆರಂಭಕಾಲದ ಮುದ್ರಣಗಳಲ್ಲಿ ಇದರ ಸ್ಥಾನ ಬಹಳ ಎತ್ತರದ್ದು.

ಕೃತಿ

ಒಬ್ಬ ಮುಖ್ಯ ವಾದಕ ಮತ್ತು ಇಡೀ ವಾದ್ಯವೃಂದ ಒಂದಕ್ಕೊಂದು ಎದುರಾಗಿ, ಜೊತೆಯಾಗಿ ನುಡಿಸುವಂತೆ ಬರೆದ ರಚನೆಗೆ ಪಾಶ್ಚಾತ್ಯ ಸಂಗೀತದಲ್ಲಿ ಕನ್ಸರ್ಟೊ ಎಂದು ಹೆಸರು. ಎಲ್ಗಾರ್ ಸ್ವತಃ ಪಿಟೀಲುವಾದಕರು. ವೂಸ್ಟರ್ ಪಟ್ಟಣದಲ್ಲಿ ತಂದೆಯ ಸಂಗೀತದ ಅಂಗಡಿಯ ಪರಿಸರದಲ್ಲಿ ಬೆಳೆದು, ಪಿಟೀಲು ಪಾಠ ಹೇಳಿ, ವಾದ್ಯವೃಂದಗಳಲ್ಲಿ ನುಡಿಸಿ ಜೀವನ ಸಾಗಿಸಿದವರು. ಏಕವಾದಕನಾಗುವ ಆಸೆಯನ್ನು ಅವರು ಎಳೆಯ ವಯಸ್ಸಿನಲ್ಲೇ ಕೈಬಿಟ್ಟಿದ್ದರು. ಆದ್ದರಿಂದ ಐವತ್ತು ದಾಟಿದ ಮೇಲೆ ಬರೆದ ಈ ಕನ್ಸರ್ಟೊದಲ್ಲಿ ಪಿಟೀಲಿನ ಒಳಹೊರಗು ಬಲ್ಲವರ ಕೈ ಕಾಣುತ್ತದೆ.

ವಿಯೆನ್ನಾದ ಪಿಟೀಲುವಾದಕ ಫ್ರಿಟ್ಸ್ ಕ್ರೈಸ್ಲರ್ 1905ರಲ್ಲಿ ಎಲ್ಗಾರ್ ಅವರನ್ನು ಬಹಿರಂಗವಾಗಿ ಕೊಂಡಾಡಿ, ಅವರು ಪಿಟೀಲಿಗೆ ಏನಾದರೂ ಬರೆಯಲಿ ಎಂದು ಹಾರೈಸಿದ್ದರು. 1909ರಲ್ಲಿ ರಾಯಲ್ ಫಿಲ್‌ಹಾರ್ಮೊನಿಕ್ ಸೊಸೈಟಿ ಕೃತಿಯನ್ನು ಕೇಳಿತು. ಎಲ್ಗಾರ್ 1910ರಲ್ಲಿ ಅದನ್ನು ಮುಗಿಸಿದರು. ಬೆರಳು ಮತ್ತು ಕಮಾನಿನ ಸೂಕ್ಷ್ಮಗಳನ್ನು ತಿದ್ದುವಲ್ಲಿ ಡಬ್ಲ್ಯು. ಎಚ್. ರೀಡ್ ನೆರವಾದರು. ಮುಂದೆ ಲಂಡನ್ ಸಿಂಫನಿಯ ಮುಖ್ಯ ಪಿಟೀಲುವಾದಕರಾದ ಇವರು ಎಲ್ಗಾರ್ ಅವರ ಆಪ್ತ ಸ್ನೇಹಿತರೂ ಆಗಿದ್ದರು. 1910ರ ನವೆಂಬರ್ 10ರಂದು ಲಂಡನ್ನಿನ ಕ್ವೀನ್ಸ್ ಹಾಲಿನಲ್ಲಿ ಕ್ರೈಸ್ಲರ್ ಅದನ್ನು ಮೊದಲ ಬಾರಿ ನುಡಿಸಿದರು, ಎಲ್ಗಾರ್ ನಿರ್ದೇಶಿಸಿದರು. ಕೃತಿಯನ್ನು ಕ್ರೈಸ್ಲರ್ ಅವರಿಗೇ ಅರ್ಪಿಸಲಾಗಿದೆ.

ಕೃತಿಯಲ್ಲಿ ಮೂರು ಭಾಗಗಳಿವೆ. ಮೊದಲ ಭಾಗದಲ್ಲಿ ವಾದ್ಯವೃಂದ ಮುಖ್ಯ ಸ್ವರಗುಚ್ಛಗಳನ್ನೆಲ್ಲ ದೀರ್ಘವಾಗಿ ಮಂಡಿಸಿದ ಬಳಿಕವೇ ಪಿಟೀಲು ಒಳಬರುತ್ತದೆ. ಅದು ಅಬ್ಬರದಿಂದ ಬರುವುದಿಲ್ಲ. ಕೆಳಸ್ಥಾಯಿಯಲ್ಲಿ, ವಾದ್ಯವೃಂದ ಅರ್ಧಕ್ಕೆ ಬಿಟ್ಟ ಮಾತನ್ನು ಮುಗಿಸುವಂತೆ ಬರುತ್ತದೆ. ಎರಡನೆಯದು ಬಿ ಫ್ಲಾಟ್ ಮೇಜರ್‌ನಲ್ಲಿರುವ ನಿಧಾನ ಭಾಗ. ಮೂರನೆಯ ಭಾಗದ ಕೊನೆಯ ಹತ್ತಿರ ಬರುವ ಕಡೆನ್ಜಾ ಈ ಕೃತಿಯ ದೊಡ್ಡ ಹೊಸತನ. ಕಡೆನ್ಜಾದಲ್ಲಿ ಸಾಮಾನ್ಯವಾಗಿ ವಾದ್ಯವೃಂದ ಸುಮ್ಮನಿರುತ್ತದೆ, ಮುಖ್ಯ ವಾದಕ ಒಬ್ಬನೇ ತನ್ನ ಚಳಕ ತೋರುತ್ತಾನೆ. ಎಲ್ಗಾರ್ ಇಲ್ಲಿ ವಾದ್ಯವೃಂದದ ತಂತಿವಾದಕರಿಗೂ ಕೆಲಸ ಕೊಟ್ಟಿದ್ದಾರೆ. ಅವರು ಕಮಾನು ಬಿಟ್ಟು, ಬೆರಳುಗಳ ಮೆದುಭಾಗದಿಂದ ತಂತಿಗಳನ್ನು ಮೃದುವಾಗಿ ಸವರುತ್ತ ಹಿನ್ನೆಲೆಯಲ್ಲಿ ಸಣ್ಣ ಕಂಪನವನ್ನು ಹುಟ್ಟಿಸಬೇಕು. ಅದರ ಮೇಲೆ ಪಿಟೀಲು ಹಿಂದಿನ ಭಾಗಗಳ ಸ್ವರಗುಚ್ಛಗಳನ್ನು ಒಂದೊಂದಾಗಿ ನೆನೆಯುತ್ತದೆ. ಕೇಳುಗರನ್ನು ಬೆರಗುಗೊಳಿಸಲು ಇರುವ ಜಾಗವನ್ನು ಎಲ್ಗಾರ್ ಅಂತರ್ಮುಖಿಯಾದ ಧ್ಯಾನಕ್ಕೆ ಮೀಸಲಿಟ್ಟರು. ಈ ಕನ್ಸರ್ಟೊದ ಹಿರಿಮೆ ಇರುವುದು ಇಲ್ಲಿ.

ಹಿಂದಿನ ಮುದ್ರಣಗಳು

1914ರಿಂದ ಗ್ರಾಮಫೋನಿಗೆ ತಮ್ಮ ಕೃತಿಗಳನ್ನು ನಿರ್ದೇಶಿಸುತ್ತ ಬಂದ ಎಲ್ಗಾರ್, ಈ ಹೊಸ ಯಂತ್ರವನ್ನು ಗಂಭೀರವಾಗಿ ತೆಗೆದುಕೊಂಡ ಮೊದಲ ಪ್ರಮುಖ ರಚನಕಾರರಲ್ಲಿ ಒಬ್ಬರು. 1916ರಲ್ಲಿ ಮೇರಿ ಹಾಲ್ ಎಂಬ ವಾದಕಿಯೊಂದಿಗೆ ಇದೇ ಕನ್ಸರ್ಟೊವನ್ನು ಅವರು ಮುದ್ರಿಸಿದ್ದರು. ಅದು ಮೈಕ್ರೊಫೋನ್ ಇಲ್ಲದ ಕಾಲ. ವಾದಕರು ದೊಡ್ಡ ಕಹಳೆಯ ಬಾಯಿಗೆ ನುಡಿಸಬೇಕಿತ್ತು. ಕೃತಿಯನ್ನು ತೀರ ಮೊಟಕುಗೊಳಿಸಿ ನಾಲ್ಕು ಬದಿಗಳಿಗೆ ಹೊಂದಿಸಲಾಗಿತ್ತು. ಕಡೆನ್ಜಾದ ಮೆಲುದನಿಯ ಹಿನ್ನೆಲೆಯನ್ನು ಕಹಳೆ ಹಿಡಿಯಲಾರದೆಂದು ಎಲ್ಗಾರ್ ಅಲ್ಲಿಗೆ ಹಾರ್ಪ್ ವಾದ್ಯವನ್ನು ಸೇರಿಸಿದ್ದರು.

1925ರಲ್ಲಿ ಮೈಕ್ರೊಫೋನಿನ ವಿದ್ಯುತ್ ಮುದ್ರಣ ಬಂದ ಮೇಲೆ ಸ್ಥಿತಿ ಬದಲಾಯಿತು. 1929ರಲ್ಲಿ ಆಲ್ಬರ್ಟ್ ಸ್ಯಾಮನ್ಸ್, ಸರ್ ಹೆನ್ರಿ ವುಡ್ ನಿರ್ದೇಶನದ ನ್ಯೂ ಕ್ವೀನ್ಸ್ ಹಾಲ್ ಆರ್ಕೆಸ್ಟ್ರಾದೊಂದಿಗೆ ಕೊಲಂಬಿಯ ಸಂಸ್ಥೆಗೆ ಇಡೀ ಕೃತಿಯನ್ನು ನುಡಿಸಿದರು. ಅದು ಮೊದಲ ಪೂರ್ಣ ಮುದ್ರಣ. ರಚನಕಾರರೇ ನಿರ್ದೇಶಿಸಿದ ಪೂರ್ಣ ಮುದ್ರಣ ಮಾತ್ರ ಇನ್ನೂ ಬಾಕಿ ಇತ್ತು.

ಗೈಸ್‌ಬರ್ಗ್ ಅವರ ಯೋಜನೆ

ಆ ಕೊರತೆಯನ್ನು ತುಂಬಲು ಮುಂದಾದವರು ಎಚ್‌ಎಂವಿಯ ಫ್ರೆಡ್ ಗೈಸ್‌ಬರ್ಗ್. ಭಾರತದ ಧ್ವನಿಮುದ್ರಣ ಚರಿತ್ರೆಯಲ್ಲೂ ಇವರ ಹೆಸರಿದೆ: 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ತಟ್ಟೆಗೆ ಇಳಿಸಿದವರು ಇವರೇ. ಗೈಸ್‌ಬರ್ಗ್ ಮೊದಲು ಕ್ರೈಸ್ಲರ್ ಅವರಿಂದಲೇ ಈ ಕನ್ಸರ್ಟೊ ಮುದ್ರಿಸಲು ಬಹಳ ಪ್ರಯತ್ನಿಸಿದರು. ಕೃತಿಯನ್ನು ಲೋಕಕ್ಕೆ ಪರಿಚಯಿಸಿದ ಕ್ರೈಸ್ಲರ್ ಕಡೆಗೂ ಅದನ್ನು ಮುದ್ರಿಸಲಿಲ್ಲ. ಎಲ್ಗಾರ್ ಅವರಿಗೆ ವಯಸ್ಸಾಗುತ್ತಿತ್ತು, ಕಾಯಲು ಸಮಯವಿರಲಿಲ್ಲ. ಗೈಸ್‌ಬರ್ಗ್ ಆಗ ಹದಿಹರೆಯದ ಮೆನುಹಿನ್ ಕಡೆಗೆ ತಿರುಗಿದರು.

ಮೆನುಹಿನ್ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಲೂಯಿ ಪರ್ಸಿಂಗರ್, ಜಾರ್ಜ್ ಎನೆಸ್ಕು, ಅಡಾಲ್ಫ್ ಬುಶ್ ಅವರ ಗುರುಗಳು. 1927ರಲ್ಲಿ ಕಾರ್ನೆಗಿ ಹಾಲಿನಲ್ಲಿ ಬೀಥೋವನ್ ಕನ್ಸರ್ಟೊ ನುಡಿಸಿದಾಗ ಅವರಿಗೆ 11 ವರ್ಷ. 1929ರ ಏಪ್ರಿಲ್‌ನಲ್ಲಿ ಬರ್ಲಿನ್ನಿನಲ್ಲಿ ಬ್ರೂನೊ ವಾಲ್ಟರ್ ನಿರ್ದೇಶನದಲ್ಲಿ ಬಾಖ್, ಬೀಥೋವನ್, ಬ್ರಾಮ್ಸ್ ಮೂವರ ಕನ್ಸರ್ಟೊಗಳನ್ನೂ ಒಂದೇ ಸಂಜೆ ನುಡಿಸಿದರು. 1931ರಲ್ಲಿ ಎಚ್‌ಎಂವಿಗೆ ಲ್ಯಾಂಡನ್ ರೊನಾಲ್ಡ್ ನಿರ್ದೇಶನದಲ್ಲಿ ಬ್ರೂಖ್ ಅವರ ಜಿ ಮೈನರ್ ಕನ್ಸರ್ಟೊವನ್ನು ಮುದ್ರಿಸಿದ್ದರು. ಎಲ್ಗಾರ್ ಅವರ ಕೃತಿ ಮಾತ್ರ ಅವರಿಗೆ ಹೊಸದು. ಇಂಗ್ಲಿಷ್ ವಾದಕರಲ್ಲಿ ಆ ವೇಳೆಗೆ ಬೇರೂರಿದ್ದ ವಾದನಪರಂಪರೆಯ ಭಾರವಿಲ್ಲದೆ ಅವರು ಅದನ್ನು ಬರಹದಿಂದಲೇ ಕಲಿತರು.

ಗ್ರೋವ್ನರ್ ಹೌಸ್ ಭೇಟಿ

ಮುದ್ರಣಕ್ಕೆ ಮುನ್ನ ಲಂಡನ್ನಿನ ಗ್ರೋವ್ನರ್ ಹೌಸ್ ಹೋಟೆಲಿನಲ್ಲಿ ಇಬ್ಬರೂ ಭೇಟಿಯಾದರು. ವಾದ್ಯವೃಂದದ ಭಾಗವನ್ನು ಪಿಯಾನೊದಲ್ಲಿ ನುಡಿಸಲು ಐವರ್ ನ್ಯೂಟನ್ ಬಂದಿದ್ದರು. ಮೆನುಹಿನ್ ಮುಂದೆ ಅನೇಕ ಬಾರಿ ಹೇಳಿಕೊಂಡಂತೆ, ಪಿಟೀಲು ಪ್ರವೇಶದಿಂದ ಶುರುಮಾಡಿ ಅವರು ಇನ್ನೂ ಹೆಚ್ಚು ದೂರ ಹೋಗಿರಲಿಲ್ಲ. ಎಲ್ಗಾರ್ ತಡೆದು, ಎಲ್ಲವೂ ಸರಿಯಾಗಿಯೇ ಇದೆ, ತಾವು ಹೇಳಬೇಕಾದ್ದು ಏನೂ ಇಲ್ಲ ಎಂದು ಕುದುರೆ ರೇಸಿಗೆ ಹೊರಟುಬಿಟ್ಟರು. ಎಲ್ಗಾರ್ ಅವರ ರೇಸಿನ ಹುಚ್ಚು ಎಲ್ಲರಿಗೂ ತಿಳಿದಿದ್ದದ್ದೇ. ಆದರೂ ಈ ಪ್ರಸಂಗವನ್ನು ಬರೀ ರಂಜನೆಗಾಗಿ ನೆನೆಯಬೇಕಿಲ್ಲ. ತಮ್ಮ ಮನಸ್ಸಿಗೆ ಅತ್ಯಂತ ಹತ್ತಿರವಾದ ಕೃತಿಯನ್ನು ಆ ಹಿರಿಯರು ಒಬ್ಬ ಹುಡುಗನ ತಿಳಿವಳಿಕೆಗೆ ಪೂರ್ತಿಯಾಗಿ ಒಪ್ಪಿಸಿದರು. ಮುದ್ರಣದ ಗುಣದಲ್ಲಿ ಆ ವಿಶ್ವಾಸ ಕೇಳಿಸುತ್ತದೆ.

ಮುದ್ರಣದ ವಿಧಾನ

ಅಬ್ಬೆ ರೋಡ್ ಸ್ಟುಡಿಯೊ ಆಗ ತೀರ ಹೊಸದು. 1931ರ ನವೆಂಬರ್ 12ರಂದು ಅದನ್ನು ಉದ್ಘಾಟಿಸಿದಾಗ ಲಂಡನ್ ಸಿಂಫನಿಯನ್ನು ನಿರ್ದೇಶಿಸಿದವರೂ ಎಲ್ಗಾರ್ ಅವರೇ. ಕನ್ಸರ್ಟೊದ ಮುದ್ರಣ ನಡೆದದ್ದು ಅಲ್ಲಿನ ದೊಡ್ಡ ಹಾಲಾದ ಒಂದನೇ ಸ್ಟುಡಿಯೊದಲ್ಲಿ.

ಟೇಪು ಇಲ್ಲದ ಆ ಕಾಲದಲ್ಲಿ ನಾದ ನೇರವಾಗಿ ತಿರುಗುವ ಮೇಣದ ತಟ್ಟೆಯ ಮೇಲೆ ಗೀರಾಗಿ ಕೊರೆಯಲ್ಪಡುತ್ತಿತ್ತು. ಅದರಿಂದ ಲೋಹದ ಅಚ್ಚು ತೆಗೆದು, ಅಂಗಡಿಗೆ ಹೋಗುವ ಅರಗಿನ ತಟ್ಟೆಗಳನ್ನು ಒತ್ತುತ್ತಿದ್ದರು. ನಿಮಿಷಕ್ಕೆ 78 ಸುತ್ತು ತಿರುಗುವ 12 ಅಂಗುಲದ ತಟ್ಟೆಯ ಒಂದು ಬದಿಗೆ ನಾಲ್ಕೂವರೆ ನಿಮಿಷದಷ್ಟು ಸಂಗೀತ ಹಿಡಿಸಿದರೆ ಹೆಚ್ಚು. ಆದ್ದರಿಂದ ಸುಮಾರು 50 ನಿಮಿಷದ ಕೃತಿ 12 ತುಂಡುಗಳಾಗಿ ಆರು ತಟ್ಟೆಗಳಲ್ಲಿ ಹೊರಬಂತು. ಅವುಗಳ ಸಂಖ್ಯೆ ಡಿಬಿ 1751ರಿಂದ 1756.

ಈ ವಿಧಾನದಲ್ಲಿ ಕತ್ತರಿಸಿ ಜೋಡಿಸುವ ಮಾತೇ ಇಲ್ಲ. ಒಂದು ಸ್ವರ ತಪ್ಪಿದರೂ ಆ ಬದಿಯನ್ನು ಮೊದಲಿಂದ ನುಡಿಸಬೇಕು. ಪ್ರತಿ ಬದಿಯ ಕೊನೆಗೆ ನಿಂತು, ಹೊಸ ಮೇಣ ಬಂದ ಮೇಲೆ ಅದೇ ಲಯ, ಅದೇ ಭಾವ, ಅದೇ ಶ್ರುತಿಯಲ್ಲಿ ಮುಂದುವರಿಯಬೇಕು. ಹಾಗಿದ್ದರೂ ತುಂಡುಗಳನ್ನು ಸೇರಿಸಿ ಕೇಳಿದಾಗ ಒಂದೇ ಉಸಿರಿನಲ್ಲಿ ನುಡಿಸಿದಂತೆ ಅನಿಸುವುದು ಈ ಮುದ್ರಣದ ದೊಡ್ಡ ಸಾಧನೆ. 1916ರ ಕಹಳೆ ಹಿಡಿಯಲಾಗದ ಕಡೆನ್ಜಾದ ಮೆಲುಕಂಪನ ಇಲ್ಲಿ ಹಾರ್ಪಿನ ಹಂಗಿಲ್ಲದೆ ಕೇಳುಗರನ್ನು ಮುಟ್ಟುತ್ತದೆ.

ವಾದನದ ಗುಣ

ಮೆನುಹಿನ್ ಅವರ ನಾದ ಇಲ್ಲಿ ತುಂಬು, ಬೆಚ್ಚಗೆ, ಹಾಡಿನಂತೆ ಹರಿಯುವಂಥದ್ದು. ಸ್ವರದಿಂದ ಸ್ವರಕ್ಕೆ ಜಾರುವ ಅಂದಿನ ರೂಢಿಯನ್ನು ಅವರೂ ಬಳಸುತ್ತಾರೆ. ಎಲ್ಗಾರ್ ಅವರ ನಿರ್ದೇಶನದಲ್ಲಿ ಲಯ ಒಂದೆಡೆ ನಿಲ್ಲುವುದಿಲ್ಲ: ವಾದ್ಯವೃಂದ ಒಬ್ಬಂಟಿಯಾಗಿರುವಾಗ ಅವರು ಮುನ್ನುಗ್ಗಿಸುತ್ತಾರೆ, ಪಿಟೀಲು ಮಾತಾಡುವಾಗ ಸಡಿಲ ಬಿಡುತ್ತಾರೆ.

ಸ್ಯಾಮನ್ಸ್ ಮುದ್ರಣದೊಂದಿಗೆ ಹೋಲಿಸಿ ಕೇಳುವುದು ಉಪಯುಕ್ತ. ಅದು ಸುಮಾರು 43 ನಿಮಿಷದ್ದು. ಬಿಗಿಯಾದ, ಬಾಗದ ವಾದನ. ಮೆನುಹಿನ್ ಮುದ್ರಣ ಹೆಚ್ಚು ವಿಶಾಲ, ಹೆಚ್ಚು ನಿಧಾನ. ಇಂಗ್ಲಿಷ್ ರಸಿಕರಲ್ಲಿ ಹಲವರು ಸ್ಯಾಮನ್ಸ್ ಅವರನ್ನೇ ಮೇಲೆಂದು ಎಣಿಸುತ್ತಾರೆ. ಎಲ್ಗಾರ್ ಇಬ್ಬರಿಗೂ ನಿರ್ದೇಶಕರಾಗಿ ನಿಂತವರು, ಸ್ಯಾಮನ್ಸ್ ಅವರಿಗೆ ಕಛೇರಿಗಳಲ್ಲಿ, ಮೆನುಹಿನ್ ಅವರಿಗೆ ಸ್ಟುಡಿಯೊದಲ್ಲೂ ಕಛೇರಿಯಲ್ಲೂ. ಎರಡು ಬಗೆಯ ವಾದನಕ್ಕೂ ಅವರು ಹೊಂದಿಕೊಂಡರು ಎಂಬುದು ಗಮನಿಸಬೇಕಾದ ಸಂಗತಿ.

ಮುದ್ರಣದ ನಂತರ

1932ರ ನವೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಇಬ್ಬರೂ ಈ ಕನ್ಸರ್ಟೊವನ್ನು ಸಭೆಯ ಮುಂದೆ ನುಡಿಸಿದರು. ಅದೇ ಕಛೇರಿಯಲ್ಲಿ ಮೆನುಹಿನ್ ಬಾಖ್ ಮತ್ತು ಮೊಟ್ಸಾರ್ಟ್ ಕನ್ಸರ್ಟೊಗಳನ್ನು ಸರ್ ಥಾಮಸ್ ಬೀಚಮ್ ನಿರ್ದೇಶನದಲ್ಲಿ ನುಡಿಸಿದ್ದರು. 1933ರ ಮೇ 31ರಂದು ಪ್ಯಾರಿಸ್ಸಿನ ಸಾಲ್ ಪ್ಲೆಯೆಲ್ ಸಭಾಂಗಣದಲ್ಲಿ ಕೃತಿ ಮತ್ತೆ ಕೇಳಿಬಂತು. ಎಲ್ಗಾರ್ ವಿಮಾನದಲ್ಲಿ ಅಲ್ಲಿಗೆ ಹೋದರು. ಗ್ರೇ ಎಂಬ ಹಳ್ಳಿಯಲ್ಲಿ ಕಾಯಿಲೆಯಿಂದ ನರಳುತ್ತಿದ್ದ ರಚನಕಾರ ಫ್ರೆಡರಿಕ್ ಡೀಲಿಯಸ್ ಅವರನ್ನೂ ಕಂಡು ಬಂದರು. 1934ರ ಫೆಬ್ರವರಿ 23ರಂದು ಎಲ್ಗಾರ್ ತೀರಿಕೊಂಡರು.

ಮೆನುಹಿನ್ 1960ರ ದಶಕದ ನಡುವೆ ಸರ್ ಏಡ್ರಿಯನ್ ಬೋಲ್ಟ್ ಮತ್ತು ನ್ಯೂ ಫಿಲ್‌ಹಾರ್ಮೊನಿಯ ಆರ್ಕೆಸ್ಟ್ರಾದೊಂದಿಗೆ ಇದನ್ನು ಸ್ಟೀರಿಯೊದಲ್ಲಿ ಮತ್ತೆ ಮುದ್ರಿಸಿದರು. ಅಲ್ಲಿ ಅನುಭವ ಹೆಚ್ಚಿದೆ. 1932ರ ನಿರಾಯಾಸತೆ ಮಾತ್ರ ಇಲ್ಲ. ಹಳೆಯ ಮುದ್ರಣ ಎಲ್‌ಪಿ, ಸಿಡಿ ರೂಪಗಳಲ್ಲಿ ಮತ್ತೆ ಮತ್ತೆ ಬಂದಿದೆ. 1963ರಲ್ಲಿ ಇಂಗ್ಲೆಂಡಿನಲ್ಲಿ ಮೆನುಹಿನ್ ಸ್ಥಾಪಿಸಿದ ಸಂಗೀತ ಶಾಲೆಯಲ್ಲಿ ಕಲಿತ ನೈಜಲ್ ಕೆನಡಿ, 1984ರಲ್ಲಿ ವರ್ನನ್ ಹ್ಯಾಂಡ್ಲಿ ಅವರೊಂದಿಗೆ ಇದೇ ಕೃತಿಯನ್ನು ಮುದ್ರಿಸಿ ಹೆಸರಾದರು.

ಮೆನುಹಿನ್ ಅವರ ಮುಂದಿನ ಬದುಕಿಗೆ ಕರ್ನಾಟಕದ ನಂಟಿದೆ. ಎಳವೆಯಲ್ಲಿ ಸಹಜವಾಗಿ ಒಲಿದಿದ್ದ ವಾದನ ನಡುವಯಸ್ಸಿನಲ್ಲಿ ದೇಹದ ಬಿಗಿತದಿಂದ ಕಷ್ಟವಾಗತೊಡಗಿತ್ತು. 1952ರಲ್ಲಿ ಭಾರತಕ್ಕೆ ಬಂದಾಗ ಅವರು ಮುಂಬಯಿಯಲ್ಲಿ ಬಿ. ಕೆ. ಎಸ್. ಅಯ್ಯಂಗಾರ್ ಅವರನ್ನು ಕಂಡರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಭಾವ ಟಿ. ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತಿದ್ದ ಅಯ್ಯಂಗಾರರು ಅವರಿಗೆ ಗುರುವಾದರು. 1954ರಲ್ಲಿ ಮೆನುಹಿನ್ ಅಯ್ಯಂಗಾರರನ್ನು ಸ್ವಿಟ್ಸರ್ಲೆಂಡಿಗೆ ಕರೆಸಿಕೊಂಡರು. ತಮ್ಮ ಅತ್ಯುತ್ತಮ ಪಿಟೀಲು ಗುರು ಅವರೇ ಎಂದು ಗೌರವಿಸಿದರು.

ಮಹತ್ವ

ರಚನಕಾರರೇ ನಿರ್ದೇಶಿಸಿದ ಮುದ್ರಣವನ್ನು ಆ ಕೃತಿಯ ಕೊನೆಯ ತೀರ್ಪೆಂದು ನೋಡುವವರಿದ್ದಾರೆ. 1932ರ ಮುದ್ರಣ ಆ ಎಣಿಕೆಯನ್ನು ಒಪ್ಪುವುದಿಲ್ಲ. ಎಲ್ಗಾರ್ ಬರಹದಲ್ಲಿ ಪ್ರತಿಯೊಂದು ಸೂಚನೆಯನ್ನೂ ವಿವರವಾಗಿ ಕೊಟ್ಟವರು. ಸ್ಟುಡಿಯೊದಲ್ಲಿ ಮಾತ್ರ ಮುಖ್ಯ ವಾದಕನ ಮನೋಧರ್ಮಕ್ಕೆ ಜಾಗ ಬಿಟ್ಟರು. ಇಲ್ಲಿ ಕೇಳಿಸುವುದು ಒಂದು ಕೃತಿಯ ಏಕೈಕ ಸರಿಯಾದ ರೂಪವಲ್ಲ. ಅದನ್ನು ಬರೆದವರೂ ಹೊಸದಾಗಿ ಕಲಿತವರೂ ಸೇರಿ ಎರಡು ದಿನಗಳಲ್ಲಿ ಕಂಡುಕೊಂಡ ಒಂದು ರೂಪ. ಆಮೇಲಿನ ವಾದಕರು ಇದನ್ನು ಅನುಕರಿಸದೆಯೂ ಇದರಿಂದ ಕಲಿಯಬಲ್ಲವರಾಗಿರುವುದು ಈ ಕಾರಣಕ್ಕೇ.